ವಿಡಿಯೊ ಗೇಮ್ ಮತ್ತು ಮಕ್ಕಳು: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ಚರ್ಚೆ

ವಿಡಿಯೊ ಗೇಮ್‌ಗಳಿಂದ ಮಕ್ಕಳು ಕೆಡುತ್ತಾರೆಯೇ ಎಂಬ ತಕರಾರು ಅಮೆರಿಕದಲ್ಲಿ 1976ರ ‘ಡೆತ್ ರೇಸ್’ ಆಟದ ಕಾಲಕ್ಕೇ ಎದ್ದಿತ್ತು. ಉತ್ತರ ಕನ್ನಡದ ದಕ್ಷಿಣ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಅದು ಮನೆಮನೆಯ ಮಾತಾದದ್ದು ಮೊಬೈಲ್ ಬಂದ ಮೇಲೆ. ಚರ್ಚೆಯಲ್ಲಿ ಮೂರು ಬೇರೆಬೇರೆ ದೂರುಗಳು ಕಲಸಿಹೋಗಿವೆ: ಆಟ ಮಕ್ಕಳನ್ನು ಹಿಂಸೆಗೆ ಹಚ್ಚುತ್ತದೆ, ಹೊತ್ತು ನುಂಗುತ್ತದೆ, ದುಡ್ಡು ಕಳೆಯುತ್ತದೆ. ಪತ್ರಿಕೆಗಳು ಮೊದಲನೆಯದನ್ನು ಬರೆದವು, ಕಾನೂನು ಮೂರನೆಯದನ್ನು ಹಿಡಿಯಿತು. ಮನೆಯವರ ಗೋಳು ಮಾತ್ರ ಹೆಚ್ಚಾಗಿ ಎರಡನೆಯದು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. 2020ರ ಕೋವಿಡ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಫೋನ್ ಕೊಡಬೇಕಾಯಿತು, ಅದೇ ಫೋನಿನಲ್ಲಿ ಆಟವೂ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಹೊರಾಂಗಣ ಆಟಕ್ಕೆ ಇಲ್ಲಿ ಹೇಗೂ ಎಡೆ ಕಡಿಮೆ. ಭಟ್ಕಳದಲ್ಲಿ ದುಡಿಮೆಗೆಂದು ಗಲ್ಫ್‌ನಲ್ಲಿರುವ ಗಂಡಸರು ಬಹಳ. ಅಂಥ ಮನೆಗಳಲ್ಲಿ ಮೊಬೈಲ್ ಎಂದರೆ ಅಪ್ಪನ ಮುಖ ನೋಡುವ ಕಿಟಕಿಯೂ ಹೌದು. ಅದನ್ನು ಕಿತ್ತು ಕಪಾಟಿನಲ್ಲಿಡಿ ಎಂಬ ಉಪದೇಶ ಅಲ್ಲಿ ಅಷ್ಟು ಸಲೀಸಲ್ಲ.

ಜಗಳ ಹುಟ್ಟುವ ಬಗೆಯನ್ನು ಆಟದ ಕಟ್ಟಳೆಯಲ್ಲೇ ನೋಡಬಹುದು. ಪಬ್‌ಜಿಯಲ್ಲಿ 100 ಮಂದಿಯವರೆಗೆ ಒಂದು ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ಆಡುವ ಜಾಗ ಸುತ್ತಲಿಂದ ಕುಗ್ಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದಂತೆ. ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸಿಟ್ಟು ಊಟ ಮಾಡಿ ಬರುವಂತಿಲ್ಲ. ತಂಡದ ಉಳಿದ ಮೂವರು ಪಕ್ಕದ ಕೇರಿಯ ಗೆಳೆಯರೇ ಆಗಿರಬಹುದು, ಬಿಟ್ಟೆದ್ದರೆ ಅವರೂ ಸೋಲಬಹುದು. ‘ಇದೊಂದು ಮ್ಯಾಚ್ ಮುಗೀಲಿ ಅಮ್ಮ’ ಎನ್ನುವ ಹುಡುಗ ಆ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾನೆ. ಮುಗಿದೊಡನೆ ಮುಂದಿನ ಸುತ್ತು ಶುರುವಾಗುವುದು ಬೇರೆ ಮಾತು.

ಹಿಂಸೆಯ ಆರೋಪಕ್ಕೆ ಕರ್ನಾಟಕದಲ್ಲಿ ಪದೇಪದೇ ಕೊಡುವ ಉದಾಹರಣೆ 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ನಡೆದ ತಂದೆಯ ಕೊಲೆ. ಪಬ್‌ಜಿ ಆಡಬೇಡ ಎಂದದ್ದೇ ಕಾರಣವೆಂದು ವರದಿಯಾಯಿತು. ಆರೋಪಿ 21 ವರ್ಷದವ. ಮಕ್ಕಳ ಮಾತಿಗೆ ಈ ಸಾಕ್ಷ್ಯ ಎಷ್ಟು ಹೊಂದುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ. ಆಡುವವರನ್ನು ಆತ್ಮಹತ್ಯೆಗೆ ದೂಡುತ್ತದೆ ಎನ್ನಲಾದ ‘ಬ್ಲೂ ವೇಲ್’ ಆಟದ 2017ರ ಗುಲ್ಲಿನ ಕತೆಯೂ ಇಂಥದೇ: ಎಷ್ಟೋ ಸಾವುಗಳನ್ನು ಅದರ ತಲೆಗೆ ಕಟ್ಟಲಾಯಿತು, ಆದರೆ ಅವುಗಳಲ್ಲಿ ಆ ಆಟದ ಪಾತ್ರ ಸಾಬೀತಾಗಿಲ್ಲವೆಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿತು. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14–15 ವರ್ಷದ ಸಾವಿರದಷ್ಟು ಮಕ್ಕಳನ್ನು ಅಭ್ಯಸಿಸಿದಾಗ, ಹಿಂಸೆಯ ಆಟಕ್ಕೂ ಆಕ್ರಮಣಕಾರಿ ನಡತೆಗೂ ನಂಟು ಕಾಣಲಿಲ್ಲ. ಸಣ್ಣ ಮಟ್ಟಿನ ಸಿಡುಕು ಹೆಚ್ಚುತ್ತದೆ ಎನ್ನುವ ಮನಶ್ಶಾಸ್ತ್ರಜ್ಞರೂ ಇದ್ದಾರೆ. ಸಿಡುಕಿನಿಂದ ಕೊಲೆಗೆ ದೂರ ಬಹಳ.

ಗೀಳಿನ ವಾದಕ್ಕೆ ಆಧಾರ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ಕನ್ನು ತಂತ್ರಜ್ಞಾನದ ಗೀಳಿಗೆಂದೇ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ರೋಗಪಟ್ಟಿಗೆ ಸೇರಿಸಿತು. ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಹತೋಟಿ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡು ಕಂಡರೂ ಬಿಡದಿರುವುದು, ಇದರಿಂದ ಓದು, ಮನೆ, ಒಡನಾಟ ಗಂಭೀರವಾಗಿ ಕೆಡುವುದು: ಇವು ಸಾಮಾನ್ಯವಾಗಿ 12 ತಿಂಗಳು ಕಂಡರೆ ರೋಗ. ಪರೀಕ್ಷೆಯ ಹಿಂದಿನ ವಾರ ಆಡಿ ಬೈಸಿಕೊಂಡವರೆಲ್ಲ ರೋಗಿಗಳಲ್ಲ. ಗೀಳೇ ರೋಗವೋ, ಒಂಟಿತನ, ಖಿನ್ನತೆಗಳ ಹೊರಗುರುತೋ ಎಂಬ ವಾದ ತಜ್ಞರಲ್ಲಿ ಇನ್ನೂ ಇದೆ.

ನಿಜಕ್ಕೂ ಚಿಕಿತ್ಸೆ ಬೇಕಾದ ಮಗುವಿಗೆ ಈ ಮೂರು ತಾಲ್ಲೂಕುಗಳಲ್ಲಿ ಅನುಕೂಲ ಕಡಿಮೆ. ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನ 2022ರಲ್ಲಿ ದೊಡ್ಡ ಹೋರಾಟವನ್ನೇ ನಡೆಸಿದರು. ಭಟ್ಕಳದವರು ಮಣಿಪಾಲಕ್ಕೆ, ಕುಮಟಾದವರು ಕಾರವಾರಕ್ಕೆ ಇಲ್ಲವೇ ಘಟ್ಟ ಹತ್ತಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬೇಕು. 2022ರ ಅಕ್ಟೋಬರ್‌ನಿಂದ ‘ಟೆಲಿ ಮನಸ್’ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ.

ನಿಷೇಧಗಳ ಚರಿತ್ರೆ ಬೇರೆಯೇ ಹಾದಿಯದು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾದದ್ದು ದೇಶದ ಭದ್ರತೆಯ ಹೆಸರಿನಲ್ಲಿ. ಹಣ ಒಡ್ಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಸಂಸತ್ತಿನ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ಕೊಡುತ್ತದೆ.

ಪಬ್‌ಜಿಯ ಭಾರತೀಯ ರೂಪ ಬಿಜಿಎಂಐ 2021ರಲ್ಲಿ ಬಂದು, 2022ರ ಜುಲೈನಲ್ಲಿ ಮರೆಯಾಗಿ, 2023ರ ಮೇನಲ್ಲಿ ಮರಳಿತು. 18ರೊಳಗಿನವರು ದಿನಕ್ಕೆ 3 ಗಂಟೆ ಮಾತ್ರ ಆಡಬಹುದು, ಹೆತ್ತವರ ಮೊಬೈಲಿಗೆ ಬರುವ ಒಟಿಪಿ ಬೇಕು ಎಂಬುದು ಅದರ ನಿಯಮ. ಮನೆಯಲ್ಲಿ ಇರುವುದು ಒಂದೇ ಫೋನಾದರೆ, ಒಟಿಪಿ ಬರುವುದು ಹುಡುಗನ ಕೈಯಲ್ಲಿರುವ ಆ ಫೋನಿಗೇ.