ಕಬ್ಬಿಣ ಕೊಟ್ಟರಷ್ಟೇ ಸಾಕೆ? ರಕ್ತಹೀನತೆಯ ಅರಿವು ಬೆಳೆದುಬಂದ ಬಗೆ

ರಕ್ತಹೀನತೆಗೆ ಕಬ್ಬಿಣ ಮದ್ದು ಎಂಬುದು ವೈದ್ಯರಿಗೆ ಮುನ್ನೂರು ವರ್ಷಗಳಿಂದ ಗೊತ್ತು. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಆದರೆ ಅದು ಮುಖ್ಯ ಕಾರಣಗಳಲ್ಲೊಂದು. ಕಬ್ಬಿಣ ಕೊಡುವುದನ್ನು ನಾವು ಬೇಗ ಕಲಿತೆವು, ದೇಹ ಅದನ್ನು ಹೇಗೆ ಒಳಗೊಳ್ಳುತ್ತದೆ ಎಂಬುದನ್ನು ತೀರಾ ತಡವಾಗಿ ಅರಿತೆವು.

1554ರಲ್ಲಿ ಜರ್ಮನಿಯ ವೈದ್ಯ ಯೋಹಾನೆಸ್ ಲಾಂಗೆ, ಬಿಳಿಚಿಕೊಂಡ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹದಿಹರೆಯದ ಹುಡುಗಿಯೊಬ್ಬಳ ಕಾಯಿಲೆಯನ್ನು ಬಣ್ಣಿಸಿದ. ಲಕ್ಷಣಗಳನ್ನು ಸರಿಯಾಗಿಯೇ ಗುರುತಿಸಿದ. ಮದುವೆ ಮಾಡಿದರೆ ವಾಸಿಯಾದೀತು ಎಂದೂ ಬರೆದ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಸಿಡೆನ್‌ಹ್ಯಾಮ್ ಇಂಥ ರೋಗಿಗಳಿಗೆ ಕಬ್ಬಿಣದ ಅರಪುಡಿ ಕೊಟ್ಟ. 1740ರ ದಶಕದಲ್ಲಿ ಇಟಲಿಯ ವಿನ್ಸೆಂಜೊ ಮೆಂಘಿನಿ ರಕ್ತವನ್ನು ಸುಟ್ಟು ಬೂದಿ ಮಾಡಿ ಅಯಸ್ಕಾಂತ ಹಿಡಿದ. ಬೂದಿಯ ಕಣಗಳು ಅದಕ್ಕೆ ಅಂಟಿಕೊಂಡವು. ರಕ್ತದಲ್ಲಿ ಕಬ್ಬಿಣವಿರುವುದು ಕಣ್ಣಿಗೇ ಕಂಡಿತು. 1832ರಲ್ಲಿ ಫ್ರಾನ್ಸಿನ ಪಿಯೆರ್ ಬ್ಲೋ ಕಬ್ಬಿಣದ ಮಾತ್ರೆಗಳಿಂದ ರೋಗಿಗಳನ್ನು ಗುಣಪಡಿಸಿದ್ದನ್ನು ವರದಿ ಮಾಡಿದ.

ಇಷ್ಟಾದ ಮೇಲೂ ಶಂಕೆ ಎದ್ದಿತು. ಔಷಧಿಯ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ ಎಂದು ವಿಜ್ಞಾನಿ ಗುಸ್ತಾವ್ ಫಾನ್ ಬುಂಗೆ ವಾದಿಸಿದಾಗ ಹಲವರು ನಂಬಿದರು. 1893ರಲ್ಲಿ ಎಡಿನ್‌ಬರೋದ ರಾಲ್ಫ್ ಸ್ಟಾಕ್‌ಮನ್ ಕರುಳನ್ನೇ ಬಿಟ್ಟು ಚರ್ಮದಡಿಗೆ ಕಬ್ಬಿಣ ಚುಚ್ಚಿ ಕೊಟ್ಟ, ರೋಗಿಗಳು ಚೇತರಿಸಿಕೊಂಡರು. ಅವರ ಊಟವನ್ನು ಪರೀಕ್ಷಿಸಿ, ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆಯಿದ್ದುದನ್ನೂ ತೋರಿಸಿದ. ಹುಡುಗಿಯರ ಸ್ವಭಾವದ ಮೇಲೆ ಹೊರಿಸಿದ್ದ ತಪ್ಪು ಕೊನೆಗೆ ಅವರ ತಟ್ಟೆಯತ್ತ ತಿರುಗಿತು.

1937ರಲ್ಲಿ ವಿಜ್ಞಾನಿಗಳಾದ ಮೆಕ್‌ಕ್ಯಾನ್ಸ್ ಮತ್ತು ವಿಡೋಸನ್ ಇನ್ನೊಂದು ಮುಖ್ಯ ಸಂಗತಿ ಮುಂದಿಟ್ಟರು: ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ, ಒಳಗೆ ಬಿಟ್ಟುಕೊಳ್ಳುವಾಗಲೇ ಅದು ಲೆಕ್ಕ ನೋಡುತ್ತದೆ. ಈ ಬಾಗಿಲು ಕಾಯುವವರು ಯಾರೆಂದು ತಿಳಿಯಲು ಮತ್ತೆ ಆರು ದಶಕಗಳು ಬೇಕಾದವು. 2000ದ ಆಸುಪಾಸಿನಲ್ಲಿ ಪತ್ತೆಯಾದ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಯಕೃತ್ತು ಸ್ರವಿಸುತ್ತದೆ. ಅದು ಹೆಚ್ಚಿದಾಗ ಕರುಳು ಕಬ್ಬಿಣವನ್ನು ತಡೆಯುತ್ತದೆ. ಸೋಂಕು, ಉರಿಯೂತ ಇದ್ದಾಗಲೂ ಹೆಪ್ಸಿಡಿನ್ ಏರುತ್ತದೆ. ಆಗ ನುಂಗಿದ ಮಾತ್ರೆಯ ಬಹುಪಾಲು ವ್ಯರ್ಥ. ಕಬ್ಬಿಣದ ಸಂಗ್ರಹ ಕುಗ್ಗಿದ ಮಹಿಳೆಯರ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಅಧ್ಯಯನಗಳು (2015, 2017) ಮತ್ತೊಂದನ್ನು ಹೇಳಿದವು: ಇಂದಿನ ಮಾತ್ರೆಯೇ ಹೆಪ್ಸಿಡಿನ್ ಏರಿಸಿ ನಾಳಿನ ಮಾತ್ರೆಗೆ ಅಡ್ಡ ಬರುತ್ತದೆ, ದಿನ ಬಿಟ್ಟು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ದಕ್ಕುತ್ತದೆ.

ನಮ್ಮ ದೇಶದ ರಕ್ತಹೀನತೆ ತಡೆ ಕಾರ್ಯಕ್ರಮದ ಹಾದಿ ಈ ಬೆಳಕಿನಲ್ಲಿ ಕುತೂಹಲಕರ. 1970ರಲ್ಲಿ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಕೊಡಲಾರಂಭಿಸಿ, 1990ರ ದಶಕದಲ್ಲಿ ಅದನ್ನು 100ಕ್ಕೆ ಏರಿಸಲಾಯಿತು. 2018ರ ‘ಅನೀಮಿಯಾ ಮುಕ್ತ ಭಾರತ’ದಲ್ಲಿ ಮತ್ತೆ 60ಕ್ಕೇ ಬಂದೆವು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸಬಹುದು, ಮಲ ಕಪ್ಪಾಗುತ್ತದೆ, ಮಲಬದ್ಧತೆ ಕಾಡಬಹುದು. ಇದನ್ನು ಮೊದಲೇ ಹೇಳದಿದ್ದರೆ ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಊಟದ ಬೆನ್ನಲ್ಲೇ ಕುಡಿದ ಚಹಾ ಸೊಪ್ಪುಸಾರಿನ ಕಬ್ಬಿಣವನ್ನು ಕಸಿಯುತ್ತದೆ. ಹಿಂಡಿದ ನಿಂಬೆರಸ ಅದನ್ನು ದಕ್ಕಿಸುತ್ತದೆ.

ರಕ್ತಹೀನತೆ ತಾಯಿಯೊಬ್ಬಳ ಸಮಸ್ಯೆಯಷ್ಟೇ ಅಲ್ಲ. ಚಾಮರಾಜನಗರ ಮತ್ತು ರಾಮನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳ ಬಗ್ಗೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ, ಮಗುವಿನ ಹಿಮೋಗ್ಲೋಬಿನ್‌ಗೂ ತಾಯಿಯ ಹಿಮೋಗ್ಲೋಬಿನ್‌ಗೂ ನಂಟಿರುವುದನ್ನು ತೋರಿಸಿತು. ಹಿಮೋಗ್ಲೋಬಿನ್ ಅಳೆಯಲು ಬೆರಳ ತುದಿಯ ಹನಿ ರಕ್ತದ ಪರೀಕ್ಷೆ ಎಷ್ಟು ನಂಬಲರ್ಹ ಎಂಬ ಚರ್ಚೆಯೂ ಕಾವೇರಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತನಾಳದಿಂದ ತೆಗೆದ ರಕ್ತಕ್ಕೇ ಆದ್ಯತೆ ನೀಡಿತು. ಅಳತೆ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಎಷ್ಟು ಮಾತ್ರೆ ಹಂಚಿದೆವು ಎಂಬ ಲೆಕ್ಕ ಇಲಾಖೆಯ ವರದಿಗೆ ಸಾಕಾಗಬಹುದು. ಹೆಣ್ಣುಮಗಳಿಗೆ ಬೇಕಿರುವುದು ಆ ಕಬ್ಬಿಣ ಅವಳ ರಕ್ತ ಸೇರಿತೇ ಎಂಬ ವಿಚಾರಣೆ. ಅದು ಬಸಿರಾದ ಮೇಲಲ್ಲ, ಶಾಲೆಗೆ ಹೋಗುವ ವಯಸ್ಸಿನಲ್ಲೇ ಶುರುವಾಗಬೇಕು.