ಟಪಾಲಿಗೊಂದು ಹೊತ್ತಿತ್ತು

ತುಳಸಿಗೇರಿಯ ಹನುಮಪ್ಪನ ಗುಡಿ ಮುಂದೆ ನಿಂತು ನೆರಳು ನೋಡಿ ಮಧ್ಯಾಹ್ನ ಆಯ್ತು ಅಂದ್ರೆ ನಿಮ್ಮ ಮೊಬೈಲ್ ಒಪ್ಪೋದಿಲ್ಲ. ಮೊಬೈಲಿನಲ್ಲಿ ಹನ್ನೆರಡು ಆದ ಮೇಲೂ ಸೂರ್ಯ ನೆತ್ತಿಗೆ ಬರಲು, ವರ್ಷದ ಸರಾಸರಿ ತೆಗೆದರೆ, ಹತ್ತಿರಹತ್ತಿರ ಅರ್ಧ ತಾಸು ಬೇಕು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ; ಬಾಗಲಕೋಟೆ ಸೀಮೆ ಇರುವುದು ಅದರಿಂದ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ. ಅಂದರೆ ನಾವು ಕೈಗೆ ಕಟ್ಟಿಕೊಂಡಿರೋ ಹೊತ್ತು ಸೂರ್ಯ ಕೊಟ್ಟದ್ದಲ್ಲ, ಯಾರೋ ಕೂತು ಗೊತ್ತುಮಾಡಿದ್ದು. ಕಚೇರಿಯ ಟಪಾಲಿನ ಕಥೆಯೂ ಹಾಗೇ.

ತುಳಸಿಗೇರಿಗೆ ಹತ್ತಿರದ ಕಲಾದಗಿ ಇವತ್ತು ದಾಳಿಂಬೆಗೆ ಹೆಸರಾದ ಊರು. ಆದರೆ 1880ರ ದಶಕದ ನಡುವಿನ ತನಕ ಅದು ಜಿಲ್ಲಾ ಕೇಂದ್ರ, ಕಲೆಕ್ಟರ್ ಕಚೇರಿ ಇದ್ದ ಊರು. ಆಮೇಲೆ ಕಚೇರಿ ವಿಜಾಪುರಕ್ಕೆ ಹೋಯಿತು. ಆ ಕಾಲದಲ್ಲಿ ಟಪಾಲು ಬರುತ್ತಿದ್ದದ್ದು ಓಟಗಾರರ ಹೆಗಲ ಮೇಲೆ, ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತಾ. ಹೊಳೆ ತುಂಬಿದರೆ ಚೀಲ ದಂಡೆಯಲ್ಲೇ ಕೂರಬೇಕು. 1880ರ ದಶಕದಲ್ಲೇ ಹೋಟಗಿ–ಗದಗ ರೈಲು ಬಾಗಲಕೋಟೆ, ಬಾದಾಮಿ ಮೇಲೆ ಓಡತೊಡಗಿತು. ಟಪಾಲಿಗೆ ರೈಲಿನ ಹೊತ್ತೇ ಹೊತ್ತಾಯಿತು.

ಚೀಲ ಬಂದಾಗ ಕಚೇರಿಯಲ್ಲಿ ಏನಾಗುತ್ತಿತ್ತು? ನಮ್ಮ ಕಡೆ ಹಳಬರಿಗೆ ಗೊತ್ತು: ಆವಕ-ಜಾವಕ. ಬಂದ ಪತ್ರಕ್ಕೆ ಆವಕ ವಹಿಯಲ್ಲಿ ನಂಬರು, ತಾರೀಖು. ಸಾಹೇಬರು ಟಪಾಲನ್ನು ಒಟ್ಟಿಗೆ ನೋಡಿ, ಯಾರ ಕೆಲಸ ಅಂತ ಮೂಲೆಯಲ್ಲಿ ಬರೆದು ಕಳಿಸುವುದು. ಉತ್ತರ ಹೋಗುವಾಗ ಜಾವಕ ವಹಿಯಲ್ಲಿ ಮತ್ತೊಂದು ನಂಬರು. ಪತ್ರ ನೋಡೋದು ಒಂದು ಕೆಲಸ, ಪತ್ರದ ಕೆಲಸ ಮಾಡೋದು ಇನ್ನೊಂದು. ಒಂದು ಬಟವಾಡೆಗೂ ಇನ್ನೊಂದಕ್ಕೂ ನಡುವಿನ ಹೊತ್ತು ಗುಮಾಸ್ತನದು. ಲೆಕ್ಕ ಬರೆಯಲಿ, ಕಡತ ಓದಲಿ, ಆ ಹೊತ್ತನ್ನು ಕಾಗದ ಮುರಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ ಇದೆ. ಆಗ ಅವಸರಕ್ಕೆ ಬೆಲೆ ಇತ್ತು, ಅದನ್ನು ಕೊಡುವವನು ಕಳಿಸುವವನು. 1879ರಲ್ಲಿ ಬಂದ ಪೋಸ್ಟ್ ಕಾರ್ಡಿಗೆ ಕಾಲಾಣೆ. ಬೇಗ ಮುಟ್ಟಬೇಕಾ, ತಂತಿ ಕೊಡಿ. ಅಲ್ಲಿ ಪದ ಎಣಿಸಿ ದುಡ್ಡು. ಹಾಗಾಗಿ ಜನ ತಂತಿ ಕೊಡುವ ಮೊದಲು ಯೋಚನೆ ಮಾಡುತ್ತಿದ್ದರು. ತಂತಿ ಬಂತು ಅಂದ್ರೆ ಮನೆಯವರ ಎದೆ ಝಲ್ ಅನ್ನುತ್ತಿದ್ದುದೂ ಅದಕ್ಕೇ.

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇ-ಮೇಲ್ ಕಳಿಸಿದ. 1995ರ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. 2013ರ ಜುಲೈನಲ್ಲಿ ತಂತಿ ನಿಂತೇ ಹೋಯಿತು. ಲೆಕ್ಕ ತಿರುವುಮುರುವಾಯಿತು. ಈಗ ಕಳಿಸುವವನಿಗೆ ಖರ್ಚಿಲ್ಲ, ಖರ್ಚೆಲ್ಲ ಓದುವವನ ಹೊತ್ತಿನಲ್ಲಿ. ಹತ್ತು ಜನಕ್ಕೆ ಪ್ರತಿ ಹಾಕಿದರೆ ಹತ್ತು ಜನದ ಹೊತ್ತು. ಬಟವಾಡೆಗೆ ಕೊನೆಯೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಚೀಲ ಬಂದು ಬೀಳುತ್ತೆ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಆವಕ ನಂಬರು ಬಿದ್ದ ಅರ್ಜಿ ವರ್ಷಗಟ್ಟಲೆ ಮಲಗಿದ್ದೂ ಅದೇ ಕಚೇರಿಗಳಲ್ಲಿ, ಕಾದು ಸೋತವನು ರೈತ. ನಮಗೆ ಬೇಕಾದದ್ದು ಆ ನಿಧಾನ ಅಲ್ಲ, ಆ ಏರ್ಪಾಟು. ಅದನ್ನು ಇವತ್ತಿಗೂ ಮಾಡಬಹುದು: ದಿನಕ್ಕೆ ಎರಡೋ ಮೂರೋ ಸಲ, ಗೊತ್ತಾದ ಹೊತ್ತಿಗೆ ಮೇಲ್ ತೆರೆಯಿರಿ. ತೆರೆದಾಗ ಪ್ರತಿಯೊಂದಕ್ಕೂ ಒಂದು ತೀರ್ಮಾನ: ಈಗಲೇ ಉತ್ತರ, ಬೇರೆಯವರಿಗೆ, ಇಂಥ ದಿನಕ್ಕೆ, ಅಥವಾ ಕಸಕ್ಕೆ. ನಿಜಕ್ಕೂ ಅವಸರ ಇದ್ದವರು ಫೋನ್ ಮಾಡಲಿ, ಅದೇ ಇವತ್ತಿನ ತಂತಿ.

ಆದರೆ ಇದನ್ನು ಒಬ್ಬರೇ ಮಾಡಿದರೆ ನಿಲ್ಲೋದಿಲ್ಲ. ಸಾಹೇಬರು ರಾತ್ರಿ ಹತ್ತಕ್ಕೆ ಮೇಲ್ ಹಾಕಿ ಉತ್ತರಕ್ಕೆ ಕಾದರೆ ಕೆಳಗಿನವನ ಶಿಸ್ತು ಏನು ಮಾಡೀತು? 1906ರಲ್ಲಿ ಭಾರತಕ್ಕೆಲ್ಲ ಒಂದೇ ಗಡಿಯಾರ ಬಂದಾಗ ಮುಂಬಯಿಯ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ಆ ನಗರ ತನ್ನ ಹಳೇ ಮುಂಬಯಿ ಹೊತ್ತನ್ನು 1955ರ ತನಕ ಉಳಿಸಿಕೊಂಡಿತ್ತು. ದುಡಿಯುವವರಿಗೆ ಗಡಿಯಾರ ಯಾರ ಕೈಲಿದೆ ಅನ್ನೋದು ಸಣ್ಣ ಮಾತಾಗಿರಲಿಲ್ಲ. ಫ್ರಾನ್ಸ್ 2017ರಿಂದ, ಕೆಲಸ ಮುಗಿದ ಮೇಲೆ ಮೇಲ್‌ನಿಂದ ದೂರ ಇರುವ ಹಕ್ಕಿನ ಬಗ್ಗೆ ದೊಡ್ಡ ಕಂಪನಿಗಳು ನೌಕರರ ಜೊತೆ ಮಾತಾಡಲೇಬೇಕು ಅಂತ ಕಾನೂನು ಮಾಡಿದೆ.

ನಮ್ಮಲ್ಲಿ ಕಾನೂನು ಬರುವ ತನಕ ಕಾಯಬೇಕಿಲ್ಲ. ಹತ್ತು ಜನರ ಕಚೇರಿಯೂ ಒಂದು ದಿನ ಕೂತು, ನಮ್ಮ ಟಪಾಲು ಇಷ್ಟು ಹೊತ್ತಿಗೆ ಬರುತ್ತೆ, ಇಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ಗೊತ್ತುಮಾಡಬಹುದು. ಹೊತ್ತು ಯಾವಾಗಲೂ ಹಾಗೇ ಗೊತ್ತಾಗಿದ್ದು, ಮನುಷ್ಯರು ಕೂತು ಮಾತಾಡಿ.