ಮಣ್ಣು ಸೇರಬೇಕಾದ ತಲೆಬುರುಡೆ

ಹೈದರಾಬಾದಿನ ನಿಜಾಮ ಅಂದು ಬ್ರಿಟಿಷರ ಮಿತ್ರ. ಅದೇ ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಕಾವಲಿನಲ್ಲಿದ್ದಾಗಲೇ ಗುಂಡೇಟಿನಿಂದ ಮಡಿದ. ಅದು ಆತ್ಮಹತ್ಯೆಯೆಂದು ಬರೆದಿಟ್ಟವರೂ ಬ್ರಿಟಿಷ್ ಅಧಿಕಾರಿಗಳೇ! 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನಿಗೆ ನಂದಗಡದಲ್ಲಿ ಸಮಾಧಿಯಾದರೂ ಇದೆ. ಜನ ಅಲ್ಲಿ ಹರಕೆ ಹೊರುತ್ತಾರೆ. ಬ್ರಿಟಿಷರ ವಿರುದ್ಧ ದಂಗೆಯ ಆರೋಪ ಹೊತ್ತ ಹವಾಲ್ದಾರ್ ಆಲಂ ಬೇಗ್‌ಗೆ ಆ ಭಾಗ್ಯವೂ ಸಿಗಲಿಲ್ಲ. 1858ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಅವನನ್ನು ತೋಪಿನ ಬಾಯಿಗೆ ಕಟ್ಟಿ ಕೊಂದರು; ಅಧಿಕಾರಿಯೊಬ್ಬ ತಲೆಬುರುಡೆಯನ್ನು ಗೆಲುವಿನ ಗುರುತಾಗಿ ಒಯ್ದ. 1963ರಲ್ಲಿ ಅದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮದ್ಯದಂಗಡಿಯಲ್ಲಿ ಪತ್ತೆಯಾಯಿತು.

ಅದನ್ನು ಮರಳಿಸಬೇಕೆಂದರೆ, ವಾರಸುದಾರರು ಗೊತ್ತಿಲ್ಲ, ಸಿಯಾಲ್‌ಕೋಟ್ ಈಗ ಪಾಕಿಸ್ತಾನದಲ್ಲಿದೆ, ಯಾರಿಗೆ ಕೊಡುವುದು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಅದರಿಂದ ಎಲ್ಲಿ ಹೂಳಬೇಕೆಂಬ ಚರ್ಚೆ ಹುಟ್ಟಬಹುದೇ ಹೊರತು ಇಟ್ಟುಕೊಳ್ಳುವ ಹಕ್ಕು ಹುಟ್ಟದು. ಇಂಥ ಅವಶೇಷಗಳನ್ನು ಭಾರತ, ಪಾಕಿಸ್ತಾನ ಎರಡೂ ಕೂಡಿ ಕೇಳಿ ತರಬೇಕು.